ಸಚಿತ್ತತ್ಯಾಗವೂ ಸಪ್ಪೆ ಅನ್ನವೂ: ಮಲೆನಾಡಿನಲ್ಲಿ ಜೈನ ಆಹಾರವಿಚಾರ

ಆಹಾರಶುದ್ಧಿಯಿಂದಲೇ ಶ್ರಾವಕಧರ್ಮದ ಆಚರಣೆ ಆರಂಭವಾಗುತ್ತದೆ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು ಎಂಬ ಪ್ರಶ್ನೆಗಳು ಜೈನ ಮನೆಗಳಿಗೆ ಹೊಸವಲ್ಲ. ಆದರೆ ಈಚಿನ ವರ್ಷಗಳಲ್ಲಿ ಈ ಪ್ರಶ್ನೆ ಹೊಸದೊಂದು ರೂಪ ತಳೆದಿದೆ. ಕೆಲವು ತರುಣ ತರುಣಿಯರು ಹಾಲು, ಮೊಸರು, ತುಪ್ಪಗಳನ್ನು ಬಿಟ್ಟು, ಬೇಯಿಸದ ಹಣ್ಣು, ಸೊಪ್ಪು, ತರಕಾರಿ, ಬಾದಾಮಿ ಮೊದಲಾದ ಬೀಜಗಳನ್ನೇ ಮುಖ್ಯ ಆಹಾರವಾಗಿ ಸ್ವೀಕರಿಸಿದ್ದಾರೆ. ಅಷ್ಟರಿಂದಲೇ ಹಸಿವು ತಣಿಯದಿದ್ದಾಗ ದಿನಕ್ಕೊಮ್ಮೆ ಒಂದು ಬಟ್ಟಲು ಸಪ್ಪೆ ಅನ್ನವನ್ನೋ ಒಂದು ರೊಟ್ಟಿಯನ್ನೋ ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಂಡ ಬಳಿಕ ನಿಯಮ ಕೆಟ್ಟಿತೇನೋ ಎಂದು ಅಳುಕುತ್ತಾರೆ. ಹಿರಿಯರ ಅಳುಕಾದರೋ ಇದಕ್ಕೆ ವಿರುದ್ಧವಾದುದು. ಹಸಿಯದನ್ನು ತಿನ್ನುವುದೇ ದೋಷ, ಬೆಂದದ್ದೇ ಪ್ರಾಸುಕ ಎಂಬುದು ಅವರ ನಿಲುವು. ಎರಡು ಪಕ್ಷದವರೂ ಆಶ್ರಯಿಸುವುದು ಅಹಿಂಸೆಯನ್ನೇ. ಹೀಗಿರುವಾಗ ಪರಂಪರೆಯು ಈ ಅನ್ನದ ಬಟ್ಟಲನ್ನು ಯಾವ ಸ್ಥಾನದಲ್ಲಿ ಇರಿಸಿದೆ ಎಂಬುದನ್ನು ವಿಚಾರಿಸುವುದು ಉಚಿತ. ಅದಕ್ಕೆ ಚಿಕ್ಕಮಗಳೂರಿನ ಗಿರಿಸೀಮೆ ತಕ್ಕ ನೆಲ. ಜೈನ ಮುನಿಗಳ ತಪಸ್ಸಿನ ಗುರುತುಗಳೂ ಅಕ್ಕಿಯನ್ನೇ ನಂಬಿದ ಅಡುಗೆಮನೆಗಳೂ ಇಲ್ಲಿ ಒಟ್ಟಿಗೆ ಸಿಗುತ್ತವೆ.

ಗಿರಿಸೀಮೆಯ ಜೈನ ನೆಲೆಗಳು

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಶಾಸನಗಳಲ್ಲಿ ಬರುವ ಸೊಸೆವೂರು. ಶಶಕಪುರವೆಂಬುದು ಅದರ ಸಂಸ್ಕೃತ ಹೆಸರು. ಸುದತ್ತ ಮುನಿಗಳ ಆಣತಿಯಂತೆ ಸಳನು ಹುಲಿಯನ್ನು ಹೊಯ್ದನೆಂಬ, ಹೊಯ್ಸಳ ವಂಶದ ಮೂಲವನ್ನು ಹೇಳುವ ಐತಿಹ್ಯ ಈ ಊರಿನದೇ. ಅಲ್ಲಿನ ಬಸದಿಗಳ ಬಳಿಯಲ್ಲಿ ದೊರೆತಿರುವ ಶಾಸನಗಳಲ್ಲಿ ೧೦ನೆಯ ಶತಮಾನದ ಕೊನೆಯ ಕಾಲದ್ದೆಂದು ಎಣಿಸಲಾದ ಒಂದು, ವಿಮಳಚಂದ್ರ ಪಂಡಿತದೇವರು ಸನ್ಯಸನ ವಿಧಿಯಿಂದ ದೇಹವನ್ನು ಬಿಟ್ಟುದನ್ನು ದಾಖಲಿಸುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಭದ್ರೆಯ ಕಣಿವೆಯಲ್ಲಿರುವ ಕಳಸವು ಪೊಂಬುಚ್ಚದ ಸಾಂತರರ ಶಾಖೆಯೊಂದಕ್ಕೆ ರಾಜಧಾನಿಯಾಗಿತ್ತು. ೧೩ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರೆಂಬ ರಾಣಿಯರು ಇಲ್ಲಿ ಆಳಿದರು. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ ಎಂದು ಎರಡು ಪಟ್ಟಣಗಳನ್ನು ಹೊಂದಿದ್ದ ಈ ಭೈರರಸರ ಮನೆತನದಲ್ಲಿಯೇ ವೀರಪಾಂಡ್ಯನು ೧೪೩೨ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ೧೫೮೬ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದನು.

ಈ ಸೀಮೆಯ ಇಳಿಜಾರುಗಳಿಗೆ ಕಾಫಿ ಬಂದದ್ದು ಬಹಳ ಈಚೆಗೆ. ಅದಕ್ಕೆ ಮೊದಲಿನಿಂದಲೂ ಜನರ ಹೊಟ್ಟೆ ತುಂಬಿದ್ದು ಗುಡ್ಡಗಳ ನಡುವಣ ಗದ್ದೆಗಳ ಬತ್ತದಿಂದ. ಗಂಜಿ, ಕಡುಬು, ಅಕ್ಕಿರೊಟ್ಟಿ, ಶ್ಯಾವಿಗೆ ಇವೆಲ್ಲ ಒಂದೇ ಅಕ್ಕಿಯ ನಾಲ್ಕು ರೂಪಗಳು. ಮಳೆಗಾಲದ ನಾಲ್ಕು ತಿಂಗಳು ಕಾಡು ಕೊಡುವ ವಸ್ತುಗಳೇನೂ ಕಡಿಮೆಯಲ್ಲ. ಅಣಬೆ ಏಳುತ್ತದೆ, ಬಿದಿರಿನ ಕಳಲೆ ಮೂಡುತ್ತದೆ, ಕೆಸುವಿನ ಎಲೆ ಹರಡುತ್ತದೆ. ಆದರೆ ಆ ಮಳೆಗಾಲವೇ ಚಾತುರ್ಮಾಸ. ವ್ರತಸ್ಥರಾದ ಶ್ರಾವಕರು ಅಣಬೆ ಗಡ್ಡೆಗಳನ್ನು ಎಂದೂ ಮುಟ್ಟರು. ಹುಳು ಹೆಚ್ಚುವ ಕಾರಣ ಅನೇಕರು ಹಸಿರು ಸೊಪ್ಪನ್ನೂ ಆಗ ಬಿಡುತ್ತಾರೆ. ಹೀಗೆ ಒಂದೊಂದನ್ನೇ ಕಳೆಯುತ್ತ ಹೋದರೆ ಕಣಜದಲ್ಲಿ ಒಣಗಿದ ಧಾನ್ಯ, ಬೇಳೆ, ಗಾಳಿಸಿದ ನೀರು ಇಷ್ಟು ಉಳಿಯುತ್ತವೆ. ಮಲೆನಾಡಿನ ಜೈನ ಮನೆಗಳ ಮಳೆಗಾಲದ ಊಟವು ಬೆಂದ ಅಕ್ಕಿಯನ್ನು ಆಶ್ರಯಿಸಿದ್ದರಲ್ಲಿ ಬಡತನಕ್ಕಿಂತ ವ್ರತದ ಪಾತ್ರವೂ ಕಡಿಮೆಯಲ್ಲ.

ಸಚಿತ್ತ ಮತ್ತು ಪ್ರಾಸುಕ

ಜೀವವಿರುವುದು ಸಚಿತ್ತ, ಜೀವ ತೊಲಗಿದ್ದು ಅಚಿತ್ತ ಅಥವಾ ಪ್ರಾಸುಕ. ಶ್ರಾವಕನು ಏರಬೇಕಾದ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರು, ಹಣ್ಣು, ಸೊಪ್ಪು, ಮೊಳಕೆ, ಗಡ್ಡೆ, ಹೂ, ಬೀಜ ಮುಂತಾದುವನ್ನು ಹೆಸರಿಸಿ, ಇವುಗಳನ್ನು ಹಸಿಯಾಗಿ ತಿನ್ನದವನನ್ನು ದಯೆಯ ಮೂರ್ತಿಯೆಂದು ಕರೆದಿದ್ದಾರೆ. ವ್ಯಾಖ್ಯಾನಕಾರರು ಆ ಪಟ್ಟಿಯ ಮೊಳಕೆಯನ್ನು ಬಿದಿರಿನ ಮೊಳಕೆಯೆಂದು ವಿವರಿಸುತ್ತಾರೆ. ಮಲೆನಾಡಿನವರು ಅದನ್ನೇ ಕಳಲೆ ಎನ್ನುವರು.

ಇಷ್ಟನ್ನೇ ನೋಡಿದರೆ ಹಿರಿಯರ ಪಕ್ಷವೇ ಗೆದ್ದಂತೆ ತೋರುತ್ತದೆ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಇದು ಐದನೆಯ ಪ್ರತಿಮೆ. ಅಲ್ಲಿಯವರೆಗೆ ಏರದ ಗೃಹಸ್ಥನು ಶೋಧಿಸಿದ ಹಣ್ಣು ತಿಂದರೆ ಧರ್ಮಭ್ರಷ್ಟನಾಗುವುದಿಲ್ಲ. ಎರಡನೆಯದು, ಪ್ರಾಸುಕವಾಗಲು ಬೆಂಕಿಯೊಂದೇ ದಾರಿಯಲ್ಲ. ಒಣಗಿದ್ದು, ಪಕ್ವವಾದದ್ದು, ಕಾಯಿಸಿದ್ದು, ಹುಳಿ ಅಥವಾ ಉಪ್ಪು ಬೆರೆತದ್ದು, ಉಪಕರಣದಿಂದ ತುಂಡರಿಸಿದ್ದು ಇವೆಲ್ಲವೂ ಪ್ರಾಸುಕವೆಂದು ಪ್ರಾಕೃತ ಗಾಥೆಯೊಂದು ಹೇಳುತ್ತದೆ. ಆದುದರಿಂದ ಬಹುಪಾಲು ಬೇಯಿಸದ ಆಹಾರವನ್ನು ತಿನ್ನುವವನೂ ವಿವೇಕವಿದ್ದರೆ ಮರ್ಯಾದೆಯೊಳಗೆ ಇರಬಲ್ಲನು. ವಿವೇಕವಿಲ್ಲದಿದ್ದರೆ ಅದೇ ಆಹಾರ ದೋಷಕ್ಕೆ ದಾರಿ. ಇಂದಿನ ಹಸಿ ಆಹಾರದವರು ಬಹುವಾಗಿ ಹೊಗಳುವ ಮೊಳಕೆಕಾಳು, ಸಿಹಿಗೆಣಸು, ಗಜ್ಜರಿಗಳನ್ನು ಅನಂತಕಾಯವೆಂಬ ಕಾರಣದಿಂದ ವ್ರತಿಗಳು ಬಿಡುತ್ತಾರೆ. ಬೇಯಿಸಿದರೂ ಅವು ಅವರಿಗೆ ಸಲ್ಲವು.

ಬೆಂಕಿಯಲ್ಲಿ ಹಿಂಸೆಯಿಲ್ಲವೇ?

ತರುಣರು ಇಲ್ಲಿ ನ್ಯಾಯವಾದ ಪ್ರಶ್ನೆಯನ್ನು ಕೇಳುತ್ತಾರೆ. ಅಗ್ನಿಕಾಯ, ಜಲಕಾಯ, ವಾಯುಕಾಯ ಜೀವಗಳಿವೆಯೆಂದ ಮೇಲೆ ಒಲೆ ಹೊತ್ತಿಸುವುದೂ ಹಿಂಸೆಯಲ್ಲವೇ? ಹೌದು, ಅದು ಆರಂಭಹಿಂಸೆಯೇ. ಮುನಿಗಳು ತಾವು ಅಡುಗೆ ಮಾಡರು, ಮಾಡಿಸರು, ಮಾಡಿದವರನ್ನು ಅನುಮೋದಿಸರು. ಆದರೆ ಪ್ರತಿಮೆಗಳ ಕ್ರಮವೇ ಇದಕ್ಕೆ ಉತ್ತರ ಹೇಳುತ್ತದೆ. ಹಸಿಯದನ್ನು ಬಿಡುವುದು ಐದನೆಯ ಮೆಟ್ಟಿಲಿನಲ್ಲಿ, ಕೃಷಿ ವಾಣಿಜ್ಯಾದಿ ಆರಂಭಗಳೊಡನೆ ಒಲೆಯನ್ನು ಬಿಡುವುದು ಎಂಟನೆಯದಾದ ಆರಂಭತ್ಯಾಗದಲ್ಲಿ. ನಡುವೆ ನಿಂತಿರುವ ಶ್ರಾವಕನು ತನ್ನ ಕೈಯಿಂದಲೇ ನೀರು ಕಾಯಿಸಿ, ಅಕ್ಕಿ ಬೇಯಿಸಿ ಉಣ್ಣುತ್ತಾನೆ. ಸಸ್ಯಜೀವದ ಮೇಲಿನ ಆಸೆಯನ್ನು ಮೊದಲು ಗೆಲ್ಲಬೇಕು, ಒಲೆಯ ಹೊಣೆಯನ್ನು ಆಮೇಲೆ ಇಳಿಸಬೇಕು ಎಂಬುದೇ ಆ ಕ್ರಮದ ಅಭಿಪ್ರಾಯ. ಒಲೆಯನ್ನು ಮೊದಲು ಆರಿಸಿ, ನಾಲಗೆಯ ಬಯಕೆಯನ್ನು ಹಾಗೆಯೇ ಉಳಿಸಿಕೊಂಡರೆ ಏಣಿಯನ್ನು ತಲೆಕೆಳಗಾಗಿ ನಿಲ್ಲಿಸಿದಂತಾಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಭೋಗೋಪಭೋಗ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸಚಿತ್ತವಾದುದು, ಸಚಿತ್ತಕ್ಕೆ ತಾಗಿದ್ದು, ಸಚಿತ್ತ ಬೆರೆತದ್ದು ಎಂಬುವು ಮೂರು. ನಾಲ್ಕನೆಯದು ಅಭಿಷವ, ಅಂದರೆ ಮದವನ್ನೂ ಬಯಕೆಯನ್ನೂ ಕೆರಳಿಸುವ ಆಹಾರ. ಐದನೆಯದು ದುಃಪಕ್ವ, ಅಂದರೆ ಸರಿಯಾಗಿ ಬೇಯದಿರುವುದು. ಹಸಿಯದನ್ನು ತಿಂದವನಿಗೆ ಹೇಳಿದ ದೋಷದ ಪಕ್ಕದಲ್ಲಿಯೇ ತುಪ್ಪ ಮಸಾಲೆಗಳ ಭಾರೀ ಊಟದ ದೋಷವನ್ನೂ ಸೂತ್ರಕಾರರು ಇರಿಸಿದ್ದಾರೆ. ಸಚಿತ್ತದ ಮಾತನ್ನು ಮಾತ್ರ ನೆನಪಿಟ್ಟುಕೊಂಡು ಅಭಿಷವದ ಮಾತನ್ನು ಮರೆಯುವುದು ಜಮಾ ಬರೆದು ಖರ್ಚು ಬರೆಯದ ಲೆಕ್ಕದಂತೆ.

ಸಪ್ಪೆ ಅನ್ನದ ತಪಸ್ಸು

ಈ ಐದು ದೋಷಗಳಲ್ಲಿ ಒಂದೂ ತಗಲದ ಆಹಾರ ಯಾವುದು? ಶೋಧಿಸಿ, ಗಾಳಿಸಿದ ನೀರಿನಲ್ಲಿ ಚೆನ್ನಾಗಿ ಬೇಯಿಸಿದ, ತುಪ್ಪ ಹಾಲು ಸಕ್ಕರೆ ಸೇರದ ಧಾನ್ಯ. ಪರಂಪರೆಯು ಇದನ್ನೇ ಆಚಾಮ್ಲವೆಂದು ಹೆಸರಿಸಿ ತಪಸ್ಸಿನ ಸಾಲಿಗೆ ಸೇರಿಸಿತು. ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವುದು. ಹಾಲನ್ನು ಬಿಡುವ ಆಹಾರವು ಪಶ್ಚಿಮದಿಂದ ಬಂದ ಹೊಸ ಕಲ್ಪನೆಯೆಂದು ತಿಳಿಯುವವರು ಇದನ್ನು ಗಮನಿಸಬೇಕು. ಬಿಡುವ ಕಾರಣ ಬೇರೆಯಾಗಿರಬಹುದು, ಬಿಡುವ ಅಭ್ಯಾಸ ಮಾತ್ರ ಹಳೆಯದು.

ಶಿವಾರ್ಯರ ಭಗವತೀ ಆರಾಧನೆಯು ದೇಹವನ್ನು ಕೃಶಗೊಳಿಸುವ ತಪೋವಿಧಿಗಳಲ್ಲಿ ಆಚಾಮ್ಲವನ್ನೇ ಉತ್ಕೃಷ್ಟವೆಂದು ಎಣಿಸುತ್ತದೆ. ಹನ್ನೆರಡು ವರ್ಷಗಳ ಸಲ್ಲೇಖನಾ ಕ್ರಮದಲ್ಲಿ ಮೊದಲ ನಾಲ್ಕು ವರ್ಷ ನಾನಾ ವಿಧದ ಕಾಯಕ್ಲೇಶ, ಮುಂದಿನ ನಾಲ್ಕು ವರ್ಷ ರಸಗಳ ತ್ಯಾಗ, ಬಳಿಕ ಎರಡು ವರ್ಷ ಆಚಾಮ್ಲ ಮತ್ತು ನೀರಸಾಹಾರ, ಒಂದು ವರ್ಷ ಆಚಾಮ್ಲ ಮಾತ್ರ, ಕೊನೆಯ ವರ್ಷದಲ್ಲಿ ತಪಸ್ಸಿನ ಏರಿಕೆ. ಎಲ್ಲವನ್ನೂ ಕಳೆದ ಮೇಲೆ ಸಾಧಕನ ಕೈಯಲ್ಲಿ ಕೊನೆಯವರೆಗೂ ಉಳಿಯುವುದು ಸಪ್ಪೆ ಧಾನ್ಯವೇ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಈ ಆರಾಧನಾ ಪರಂಪರೆಯಿಂದಲೇ ಹುಟ್ಟಿದುವು. ಅಂಗಡಿಯ ಶಾಸನದಲ್ಲಿ ಬರುವ ಸನ್ಯಸನವೂ ಇದೇ ಪರಂಪರೆಯ ಮಾತು.

ಶ್ವೇತಾಂಬರ ಸಂಪ್ರದಾಯದಲ್ಲಿ ಇದೇ ವ್ರತ ಆಯಂಬಿಲ್ ಎಂಬ ಹೆಸರಿನಿಂದ ಇಂದಿಗೂ ಜೀವಂತವಾಗಿದೆ. ಚೈತ್ರ ಮತ್ತು ಆಶ್ವಯುಜಗಳಲ್ಲಿ ಒಂಬತ್ತು ಒಂಬತ್ತು ದಿನ, ದಿನಕ್ಕೊಮ್ಮೆ, ಹಾಲು ತುಪ್ಪ ಎಣ್ಣೆ ಸಿಹಿ ಹಸಿತರಕಾರಿಗಳಿಲ್ಲದ ಬೆಂದ ಧಾನ್ಯವನ್ನು ಸ್ವೀಕರಿಸುತ್ತಾರೆ. ಇತ್ತ ಕನ್ನಡ ನಾಡಿನಲ್ಲಿ ೧೬ನೆಯ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದು, ಪಿಷ್ಟಪಾಕವೆಂಬ ಹಿಟ್ಟಿನ ಭಕ್ಷ್ಯಗಳಿಂದ ಮೊದಲ್ಗೊಂಡು ಸಸ್ಯಾಹಾರದ ವೈಭವವನ್ನೆಲ್ಲ ವರ್ಣಿಸಿದನು. ಸಮ್ಯಕ್ತ್ವಕೌಮುದಿಯನ್ನು ಬರೆದವನೂ ಅವನೇ. ಅಕ್ಕಿಯಿಂದ ಎಷ್ಟು ರುಚಿ ತೆಗೆಯಬಹುದೆಂಬುದನ್ನು ಬಲ್ಲ ಸಮಾಜವೇ ಆ ರುಚಿಯನ್ನು ಬಿಡುವುದನ್ನೂ ತಪಸ್ಸೆಂದು ಬಲ್ಲದಾಗಿತ್ತು.

ಹಸಿ ಆಹಾರದ ಆಧುನಿಕ ಪ್ರಯೋಗ

ಬೆಂಕಿ ಕಾಣದ ಆಹಾರದ ಪ್ರಯೋಗವನ್ನು ಭಾರತೀಯರಲ್ಲಿ ಶ್ರದ್ಧೆಯಿಂದ ಮಾಡಿದವರಲ್ಲಿ ಗಾಂಧೀಜಿಯವರು ಪ್ರಮುಖರು. ೧೮೯೩ರಲ್ಲಿ ಪ್ರಿಟೋರಿಯಾದಲ್ಲಿ ನೆನೆಸಿದ ಗೋಧಿ, ಹಣ್ಣು, ಬೀಜಗಳ ಮೇಲಿದ್ದು, ಎರಡು ವಾರ ತುಂಬುವ ಮೊದಲೇ ನಿಲ್ಲಿಸಿದರು. ೧೯೨೯ರಲ್ಲಿ ಸಾಬರಮತಿ ಆಶ್ರಮದಲ್ಲಿ ಸಂಗಡಿಗರೊಡನೆ ಮತ್ತೆ ತೊಡಗಿ, ಅದರ ವಿವರವನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದರು. ಆರೋಗ್ಯ ಕೆಟ್ಟಾಗ ಅದನ್ನೂ ಬಿಟ್ಟರು. ವ್ರತನಿಷ್ಠೆಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ದೇಹವು ಒಪ್ಪಲಿಲ್ಲವೆಂಬುದನ್ನು ಮರೆಮಾಚದೆ ಹೇಳಿದರು.

ಅದರ ಕಾರಣವನ್ನು ವಿಜ್ಞಾನ ಸರಳವಾಗಿ ತಿಳಿಸುತ್ತದೆ. ಧಾನ್ಯದ ಪಿಷ್ಟವು ಗಟ್ಟಿಯಾದ ಸೂಕ್ಷ್ಮ ಕಣಗಳಲ್ಲಿ ಅಡಗಿರುತ್ತದೆ. ನೀರಿನೊಡನೆ ೬೦ರಿಂದ ೮೦ ಡಿಗ್ರಿ ಸೆಲ್ಸಿಯಸ್ ಶಾಖ ತಾಗಿದಾಗ ಆ ಕಣಗಳು ಉಬ್ಬಿ ಬಿರಿದು ಜೀರ್ಣರಸಗಳಿಗೆ ಒದಗುತ್ತವೆ. ಹಸಿ ಅಕ್ಕಿಯನ್ನು ಅಗಿದವನಿಗೆ ಅದರ ಬಲದ ಬಹುಭಾಗ ದಕ್ಕದು. ಕಳಲೆಯಲ್ಲಿರುವ ಸಯನೈಡ್ ಬಿಡುವ ಅಂಶವು ನೀರು ಬದಲಿಸಿ ನೆನೆಸಿ, ಬೇಯಿಸಿದ ಮೇಲೆಯೇ ತೊಲಗುತ್ತದೆ. ಬತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕುಚ್ಚಲಕ್ಕಿಯಲ್ಲಿ ತವುಡಿನ ಬಿ ೧ ಜೀವಸತ್ವದ ಒಂದು ಭಾಗ ಕಾಳಿನೊಳಗೆ ಸೇರಿ ಉಳಿಯುತ್ತದೆ. ನಯಗೊಳಿಸಿದ ಅಕ್ಕಿಗೂ ಬೆರಿಬೆರಿ ರೋಗಕ್ಕೂ ಇರುವ ನಂಟನ್ನು ಜಾವಾ ದ್ವೀಪದಲ್ಲಿ ಕಂಡುಕೊಂಡ ಐಕ್‌ಮನ್‌ರಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಜರ್ಮನಿಯಲ್ಲಿ ದೀರ್ಘಕಾಲ ಹಸಿ ಆಹಾರದಲ್ಲಿದ್ದ ೫೦೦ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೪೫ ವರ್ಷದೊಳಗಿನ ಸ್ತ್ರೀಯರಲ್ಲಿ ಸುಮಾರು ೩೦ ಪ್ರತಿಶತ ಮಂದಿಗೆ ಮಾಸಿಕ ಋತುಕ್ರಮ ಏರುಪೇರಾಗಿದ್ದುದು ಅಥವಾ ನಿಂತೇ ಹೋಗಿದ್ದುದು ಕಂಡುಬಂದಿತು. ಮನೆಯ ಹೆಣ್ಣುಮಕ್ಕಳು ಈ ನಿಯಮವನ್ನು ಹಿಡಿದಾಗ ತಂದೆತಾಯಿಗಳು ತಿಳಿದಿರಬೇಕಾದ ಸಂಗತಿಯಿದು. ಹಾಲನ್ನೂ ಬಿಟ್ಟವರು ಬಿ ೧೨ ಜೀವಸತ್ವವನ್ನು ವೈದ್ಯರ ಸಲಹೆಯಂತೆ ಪ್ರತ್ಯೇಕವಾಗಿ ಪಡೆಯಲೇಬೇಕು. ಅನ್ನವಾಗಲಿ ಹಣ್ಣಾಗಲಿ ಆ ಕೊರತೆಯನ್ನು ತುಂಬಲಾರದು.

ಶ್ರಾವಕರಿಗೂ ಬಸದಿಗಳಿಗೂ

ಈ ಎಲ್ಲದರಿಂದ ತಿಳಿದುಬರುವುದು ಇಷ್ಟು. ಬಹುಪಾಲು ಹಣ್ಣು ಹಸಿರಿನ ಮೇಲಿದ್ದು ದಿನಕ್ಕೊಮ್ಮೆ ಸಪ್ಪೆ ಅನ್ನ ಉಣ್ಣುವ ತರುಣನು ಆ ಅನ್ನಕ್ಕಾಗಿ ಅಳುಕಬೇಕಾಗಿಲ್ಲ. ಪರಂಪರೆಯ ದೃಷ್ಟಿಯಲ್ಲಿ ಅವನ ದಿನಚರಿಯಲ್ಲಿ ವ್ರತಕ್ಕೆ ಅತ್ಯಂತ ಸಮೀಪವಾದುದು ಆ ಬಟ್ಟಲೇ. ಅವನು ಎಚ್ಚರವಹಿಸಬೇಕಾದುದು ಉಳಿದ ಆಹಾರದಲ್ಲಿ: ಶೋಧಿಸಿದ ಸೊಪ್ಪೇ, ಬಿಡಬೇಕಾದ ಗಡ್ಡೆ ಮೊಳಕೆಗಳೇ, ಸೂರ್ಯಾಸ್ತದೊಳಗಿನ ಊಟವೇ ಎಂಬುದರಲ್ಲಿ. ಹಿರಿಯರಾದರೂ ಬೆಂದದ್ದೆಲ್ಲ ಶುದ್ಧವೆಂಬ ಭರವಸೆಯಲ್ಲಿ ಇರಬಾರದು. ಮುನಿಗಳಿಗೆ ಆಹಾರದಾನ ಮಾಡಬೇಕಾದ ಗೃಹಸ್ಥನ ಮನೆಯಲ್ಲಿ ಕಾಯಿಸಿದ ನೀರೂ ಶುದ್ಧವಾಗಿ ಬೆಂದ ಧಾನ್ಯವೂ ಇರಬೇಕು. ಮೂರು ಬಗೆಯ ಪಾಯಸ ಇರಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸವೊಂದಿದೆ. ಪರ್ವದಿನಗಳ ಸಾಮೂಹಿಕ ಊಟದಲ್ಲಿ ಹಾಲು, ತುಪ್ಪ, ಎಣ್ಣೆ, ಗಡ್ಡೆಗಳು ತಾಗದ ಒಂದು ಹಂಡೆ ಅನ್ನವನ್ನೂ ಒಂದು ಪಾತ್ರೆ ಬೆಂದ ಬೇಳೆಯನ್ನೂ ಬೇರೆಯಾಗಿ ಇರಿಸುವುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಆ ಹಂಡೆಯ ಮುಂದೆ ರಸತ್ಯಾಗದ ವ್ರತ ಹಿಡಿದ ಅಜ್ಜಿಯೂ ಹಾಲು ಬಿಟ್ಟ ಮೊಮ್ಮಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಬಸದಿಯಲ್ಲಿ ಅಕ್ಷತೆಯನ್ನು ಅರ್ಪಿಸುವಾಗ, ಹೊಟ್ಟು ಕಳೆದ ಅಕ್ಕಿ ಮತ್ತೆ ಮೊಳೆಯದಂತೆ ಕರ್ಮದ ಹೊಟ್ಟು ಕಳೆದ ಆತ್ಮವೂ ಮತ್ತೆ ಜನ್ಮ ತಳೆಯದಿರಲಿ ಎಂದು ಭಾವಿಸುವ ರೂಢಿಯಿದೆ. ಅದೇ ಅಕ್ಕಿಯನ್ನು ಮನೆಯಲ್ಲಿ ಮಿತವಾಗಿ, ರುಚಿಯ ಹಂಬಲವಿಲ್ಲದೆ ಉಂಡರೆ ಆ ಭಾವನೆ ನಿತ್ಯದ ಆಚರಣೆಗೂ ಇಳಿದಂತಾಗುತ್ತದೆ.