ಸೆರಗಿಗೆ ರೇಷ್ಮೆ, ಒಡಲಿಗೆ ನೂಲು

ಘಟಪ್ರಭೆ, ಮಲಪ್ರಭೆ ಮತ್ತು ಕೃಷ್ಣೆಯರು ಹರಿಯುವ ಬಾಗಲಕೋಟೆ ಸೀಮೆಯು ನದಿಗಳ ನಾಡಾಗಿದ್ದರೂ ಬಹುಕಾಲ ಮಳೆಯನ್ನೇ ನಂಬಿದ್ದ ಒಕ್ಕಲುತನದ ನಾಡಾಗಿತ್ತು. ಮಳೆ ಕೈಕೊಟ್ಟ ವರ್ಷ ಮನೆಯ ಖರ್ಚಿನಲ್ಲಿ ಮೊದಲು ನಿಲ್ಲುತ್ತಿದ್ದುದು ಹೊಸ ಅರಿಬಿ, ಅಂದರೆ ಬಟ್ಟೆ. ಈ ಸೀಮೆ ಕಲಾದಗಿ ಜಿಲ್ಲೆಯೆಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಬಂದೆರಗಿದ 1876–78ರ ಬರವು ಒಕ್ಕಲಿಗರನ್ನೂ ನೇಕಾರರನ್ನೂ ಒಟ್ಟಿಗೆ ನೆಲಕ್ಕೆ ಕೆಡವಿತು. ಹೀಗಿದ್ದೂ ಇಲ್ಲಿನ ಉಡುಗೆಯಲ್ಲಿ ಬಡತನದ ಮಂಕು ಕಾಣುವುದಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕಣ, ತುಳಸಿಗೇರಿಯ ಖಾದಿ ಇವುಗಳ ಇತಿಹಾಸವನ್ನು ಒಟ್ಟಿಗಿಟ್ಟು ನೋಡಿದರೆ, ಕೆಲವೇ ಅರಿಬಿಗಳಲ್ಲಿ ಹಬ್ಬಕ್ಕೂ ಹೊಲಕ್ಕೂ ಹೊಂದುವಂತೆ ಬದುಕುವ ಜಾಣತನವು ಉಡುವವರ ಕೈಗೆ ಬರುವ ಮೊದಲೇ ಮಗ್ಗದಲ್ಲಿ ನೇಯ್ದುಕೊಂಡಿತ್ತೆಂಬುದು ಸ್ಪಷ್ಟವಾಗುತ್ತದೆ.

ಕಡಿಮೆ ಬಟ್ಟೆಯಲ್ಲಿ ಹೆಚ್ಚು ಚೆಲುವನ್ನು ಕಾಣುವ ದೃಷ್ಟಿ ಇಲ್ಲಿ ಹಳೆಯದು. ಚಾಲುಕ್ಯ ಮಂಗಳೇಶನು ಬರೆಯಿಸಿದ, ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯ ಬೋದಿಗೆಗಳಲ್ಲಿ ಕೆತ್ತಿದ ದಂಪತಿಗಳ ಮೈಮೇಲಿರುವುದು ಸೊಂಟದ ವಸ್ತ್ರವೇ ಹೊರತು ಹೊಲಿದ ಉಡುಪಲ್ಲ. ವೈವಿಧ್ಯವೆಲ್ಲ ಮುಡಿಯಲ್ಲಿ, ಒಡವೆಯಲ್ಲಿ, ವಸ್ತ್ರವನ್ನು ಸುತ್ತಿದ ರೀತಿಯಲ್ಲಿದೆ.

ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಅದರ ಕೊಂಡಿಯಲ್ಲಿ. ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎಂದೂ ಅಡ್ಡಕ್ಕೆ ನೇಯುವ ಎಳೆಗಳಿಗೆ ಹೊಕ್ಕು ಎಂದೂ ಹೆಸರು. ಸಾಮಾನ್ಯ ಸೀರೆಯಲ್ಲಿ ಒಂದೇ ಹಾಸು ಈ ತುದಿಯಿಂದ ಆ ತುದಿಗೆ ಹರಿದರೆ, ಇಳಕಲ್ಲಿನ ನೇಕಾರನು ಒಡಲಿಗೆ ನೂಲಿನ ಹಾಸನ್ನು, ಸೆರಗಿಗೆ ರೇಷ್ಮೆಯ ಹಾಸನ್ನು ಬೇರೆಬೇರೆಯಾಗಿ ಹೂಡಿ, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಎಳೆಎಳೆಯಾಗಿ ಸಿಕ್ಕಿಸಿ ಜೋಡಿಸುತ್ತಾನೆ. ಈ ಜೋಡಣೆಯೇ ಕೊಂಡಿ. ಹೊಲಿಗೆಯಿಲ್ಲ, ಗಂಟಿನ ಗುರುತಿಲ್ಲ. ಆದರೆ ಬೆಲೆಬಾಳುವ ರೇಷ್ಮೆಯು ಹೆಗಲ ಮೇಲೆ, ಬೆನ್ನ ಮೇಲೆ, ದಡಿಯಲ್ಲಿ, ಅಂದರೆ ಕಣ್ಣಿಗೆ ಬೀಳುವಲ್ಲಿ ಮಾತ್ರ ಖರ್ಚಾಗುತ್ತದೆ. ಬೆವರು ಹೀರಬೇಕಾದ, ಒಗೆತ ತಾಳಬೇಕಾದ ಒಡಲು ನೂಲಿನದಾಗಿಯೇ ಉಳಿಯುತ್ತದೆ. ಕೆಂಪು ನೆಲದ ಮೂರು ಪಟ್ಟಿಗಳ ನಡುವೆ ಎರಡು ಬಿಳಿ ಪಟ್ಟಿಗಳು ಬರುವ ಸೆರಗಿಗೆ ತೋಪು ತೆನಿಯೆಂದು ಹೆಸರು. ಆ ಸೆರಗಿನ ಅಂಚಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳಿದ್ದು, ಉಡುವವರ ದಿನನಿತ್ಯದ ನೋಟಗಳೇ ಅಲಂಕಾರವಾಗಿವೆ. ಚಿಕ್ಕಿ, ಗೋಮಿ, ಪರಾಸಪೇಟ, ಗಾಡಿ ಎಂಬವು ದಡಿಯ ಬಗೆಗಳು. 20ನೆಯ ಶತಮಾನದಲ್ಲಿ ಚಮಕಾ ಎಂದು ಕರೆಸಿಕೊಂಡ ಕೃತಕ ರೇಷ್ಮೆ ಬಂದಾಗ ಸೆರಗಿನ ಬೆಲೆ ಇನ್ನಷ್ಟು ಇಳಿಯಿತು. ಆದರೆ ಮಗ್ಗದ ದುಡಿಮೆ ಇಳಿಯಲಿಲ್ಲ. ಪ್ರತಿ ಸೀರೆಗೂ ಕೊಂಡಿ ಹಾಕಲೇಬೇಕಾದ್ದರಿಂದ, ಉಡುವವರಿಗೆ ಉಳಿದ ಹಣದ ಹಿಂದೆ ನೇಕಾರರ ಮನೆಮಂದಿಯ ಬೆರಳುಗಳ ಶ್ರಮವಿದೆ ಎಂಬುದನ್ನು ಸೀರೆಯ ಚೆಲುವನ್ನು ಹೊಗಳುವವರು ಸಾಕಷ್ಟು ನೆನೆದಿಲ್ಲ.

ಸೀರೆ ಒಂದೇ ಇದ್ದರೂ ನೋಟ ಬದಲಾಗುತ್ತಿದ್ದುದು ಕಣದಿಂದ. ಕಣವೆಂದರೆ ಕುಬಸಕ್ಕೆ, ಎಂದರೆ ರವಿಕೆಗೆ, ಬೇಕಾಗುವಷ್ಟೇ ಅಳತೆಯ ಬಟ್ಟೆಯ ತುಂಡು. ಗುಳೇದಗುಡ್ಡದ ಮಗ್ಗಗಳು ಈ ಸಣ್ಣ ಅಳತೆಗೇ ಒಗ್ಗಿಕೊಂಡವು. ದಡಿಯು ತೋಳಿನ ಅಂಚಿಗೆ ಬರುವಂತೆ ಕತ್ತರಿಸಿದರೆ ಬಟ್ಟೆಯಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ. ತೇರು, ಆನೆಹೆಜ್ಜೆ, ಸೂರ್ಯನಾರಾಯಣ, ತುಳಸಿಪಾನ ಮುಂತಾದ ಹೆಸರುಗಳುಳ್ಳ ಸಣ್ಣ ಚಿತ್ತಾರಗಳು ಹೆಚ್ಚಿನ ಹಾಸೆಳೆಗಳಿಂದ ಮೂಡುವುದರಿಂದ ಕಣವು ಗಟ್ಟಿಯೂ ಹೊಳಪುಳ್ಳದ್ದೂ ಆಗಿರುತ್ತದೆ. ಸೀರೆ ಕೊಳ್ಳಲು ಸುಗ್ಗಿಯ ಹಣ ಬೇಕು. ಕಣಕ್ಕೆ ಸಂತೆಯ ಚಿಲ್ಲರೆ ಸಾಕಿತ್ತು. ಮೇಲಾಗಿ ಉಡಿ ತುಂಬುವಾಗ ತೆಂಗಿನಕಾಯಿಯೊಡನೆ ಕಣವನ್ನೂ ಇಡುವ ರೂಢಿಯಿದ್ದು, ಬಸುರಿಗೆ ಹಸಿರು ಸೀರೆ ಉಡಿಸಿ ಮಾಡುವ ಶಾಸ್ತ್ರಕ್ಕೆ ಕುಬಸವೆಂದೇ ಹೆಸರಿರುವುದರಿಂದ, ತವರು, ನೆಂಟರು, ನೆರೆಹೊರೆಯವರು ಕೊಟ್ಟ ಕಣಗಳು ವರ್ಷವರ್ಷಕ್ಕೂ ಟ್ರಂಕಿನಲ್ಲಿ ಕೂಡುತ್ತಿದ್ದವು. ಹೊಲಿಸದೆ ಉಳಿದದ್ದು ಮತ್ತೊಬ್ಬರ ಉಡಿಗೆ ಹೋಗುತ್ತಿತ್ತು, ಇಲ್ಲವೇ ಕೂಸಿನ ಕುಂಚಿಗೆಯಾಗುತ್ತಿತ್ತು. ಕುಂಚಿಗೆ ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಮಕ್ಕಳ ಟೊಪ್ಪಿಗೆ. ಮುಂದೆ ಗಂಟು ಹಾಕುವ ಕುಬಸವು ಹೋಗಿ ಗುಂಡಿ ಹಚ್ಚುವ ಜಂಪರ ಬಂದಾಗಲೂ ಬಟ್ಟೆ ಕಣದ್ದೇ ಆಗಿತ್ತು.

ಉಡುವ ಬಗೆಯೂ ಸೀರೆಯ ಬಳಕೆಯನ್ನು ಹೆಚ್ಚಿಸುತ್ತಿತ್ತು. ಕಳೆ ತೆಗೆಯುವಾಗ, ಜೋಳ ಕೊಯ್ಯುವಾಗ ಕಚ್ಚೆ ಹಾಕಿ ಬಿಗಿದ ಸೀರೆಯೇ ತುಳಸಿಗೇರಿಯ ಹನುಮಂತದೇವರ ಜಾತ್ರೆಗೆ ನಿರಿಗೆ ಹಿಡಿದು, ಸೆರಗನ್ನು ತಲೆಗೆ ಹೊದ್ದು ಹೊರಟರೆ ಬೇರೆಯೇ ಆಗಿ ಕಾಣುತ್ತಿತ್ತು. ಹಣವಿಲ್ಲದಲ್ಲಿ ಬಿಡುವನ್ನು ಹೂಡಿದವರು ಕಸೂತಿ ಹಾಕಿದರು. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಸಾದಾ ಸೀರೆ ಮದುವೆಮನೆಗೆ ಯೋಗ್ಯವಾಗುತ್ತಿತ್ತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಅದು ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಗಂಡಸರ ಉಡುಗೆಯು ಇದಕ್ಕಿಂತ ಸರಳವಾಗಿತ್ತು: ಧೋತರ, ಅಂಗಿ, ರುಮಾಲು, ಕಂಬಳಿ. ರುಮಾಲು ತಲೆಗೆ ಸುತ್ತಲೂ ಬುತ್ತಿ ಕಟ್ಟಲೂ ಆಗುತ್ತಿತ್ತು. ಕಂಬಳಿಯು ಮಳೆಯಲ್ಲಿ ಕೊಪ್ಪೆ, ರಾತ್ರಿ ಹೊದಿಕೆ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದ ಮೇಲೆ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಖಾದಿಯ ಪ್ರಚಾರ ಬಲಗೊಂಡು, ಈ ಸರಳ ಉಡುಗೆಗೆ ಸ್ವಾಭಿಮಾನದ ಅರ್ಥವೂ ಸೇರಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಗಳನ್ನು ತಯಾರಿಸುತ್ತಿದ್ದು, ಅದಕ್ಕೆ ಬೇಕಾದ ಖಾದಿಯನ್ನು ತುಳಸಿಗೇರಿಯ ಮಗ್ಗಗಳಲ್ಲಿ ನೇಯಲಾಗುತ್ತದೆ. ಕೈಗೆ ಸಿಕ್ಕ ನೂಲಿನಿಂದ ಬಾಳಿಕೆಯ ಬಟ್ಟೆ ತೆಗೆಯುವ ಈ ಸೀಮೆಯ ವಿದ್ಯೆಗೆ ದೊರೆತ ದೊಡ್ಡ ಮನ್ನಣೆ ಇದು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ದೊರೆತಾಗ, ವಿದ್ಯುತ್ ಮಗ್ಗದ ಅಗ್ಗದ ಸೀರೆಯೊಡನೆ ಇಳಕಲ್ಲಿನ ನೇಕಾರರು ಎದುರಿಸುತ್ತಿದ್ದ ಪೈಪೋಟಿಯೇ ತುಳಸಿಗೇರಿಯ ನೂಲುವವರ ಬಾಗಿಲಿಗೂ ಬಂದಿತು. ಅಗ್ಗದ ಬೆಲೆಯನ್ನು ಮಿತವ್ಯಯವೆಂದು ತಿಳಿಯುವ ಕಾಲದಲ್ಲಿ ಬಟ್ಟೆಯ ಬಾಳಿಕೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ವಿಷಾದದ ಸಂಗತಿ.

ಹಳೆಯ ಲೆಕ್ಕದಲ್ಲಿ ಸೀರೆಯು ಹರಿದರೂ ಮುಗಿಯುತ್ತಿರಲಿಲ್ಲ. ಒಡಲು ಸವೆದ ಸೀರೆಗಳನ್ನೂ ಹಳೆಯ ಧೋತರಗಳನ್ನೂ ಪದರಪದರವಾಗಿ ಹಾಸಿ, ಮೇಲೆ ಕಣದ ಚೂರುಗಳನ್ನು ಹೊಂದಿಸಿ, ಉದ್ದುದ್ದ ಸಾಲು ಹೊಲಿಗೆ ಹಾಕಿದರೆ ಕೌದಿ ಸಿದ್ಧವಾಗುತ್ತಿತ್ತು. ಬಾಣಂತಿಯ ಕೋಣೆಯಲ್ಲಿ ಅಜ್ಜಿಯ ಸೀರೆ, ತಾಯಿಯ ಕುಬಸಗಳ ತುಂಡುಗಳುಳ್ಳ ಆ ಕೌದಿಯ ಮೇಲೆಯೇ ಹೊಸ ಕೂಸನ್ನು ಮಲಗಿಸುತ್ತಿದ್ದರು.