ನಮ್ಮ ತಂಡ ಯಾವುದು? ಕಾಲ್ಚೆಂಡಿನ ಒಂದು ಹಳೆಯ ವಾದ



ಆಟ ನೋಡುವವರ ನಡುವೆ ಎರಡು ವಾದಗಳು ಎಂದೂ ಮುಗಿಯುವುದಿಲ್ಲ. ಮೊದಲನೆಯದು, 'ಈ ವರ್ಷ ನಮ್ಮ ತಂಡ ಗೆಲ್ಲುತ್ತದೆಯೇ?' ಎಂಬುದು. ಎರಡನೆಯದು, 'ಚೆಂಡು ಸಿಕ್ಕವನು ತಾನೇ ನುಗ್ಗಬೇಕೋ, ಜೊತೆಯವನಿಗೆ ಕೊಡಬೇಕೋ?' ಎಂಬುದು. ತೆಂಗಳಿಯ ಶಾಲೆಯ ಬಯಲಿರಲಿ, ಸೇಡಂ ಪೇಟೆಯ ಚಹಾದಂಗಡಿಯಿರಲಿ, ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವವರ ಗುಂಪಿರಲಿ, ನಾಲ್ಕು ಜನ ಹುಡುಗರು ಸೇರಿದರೆ ಈ ಎರಡರಲ್ಲಿ ಒಂದು ವಾದ ಹುಟ್ಟಿಕೊಳ್ಳುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಚಟವಲ್ಲ. ಅಮೆರಿಕದವರು 'ಫುಟ್‌ಬಾಲ್' ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ದಾಳಿಯನ್ನು ನಡೆಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಅವಕಾಶ ಕೊಟ್ಟಿತು. ನಿಂತ ಜಾಗದಿಂದ ನೋಡಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೋ, ತಾನೇ ಚೆಂಡು ಹಿಡಿದು ಓಡುವವನು ಮೇಲೋ ಎಂಬ ವಾದ ಅಲ್ಲಿ ಇಂದಿಗೂ ನಡೆದಿದೆ. ನಾವು ಆಡುವ ಕಾಲ್ಚೆಂಡಿನಲ್ಲಿ ಇದೇ ವಾದಕ್ಕೆ ಡ್ರಿಬ್ಲಿಂಗ್ ಮತ್ತು ಪಾಸ್ ಎಂಬ ಎರಡು ಹೆಸರುಗಳಿವೆ. ನಿಮಗೆ ಆಶ್ಚರ್ಯವಾಗಬಹುದು, ಭಾರತದಲ್ಲಿ ಈ ವಾದ ಬಲು ಜೋರಾಗಿ ನಡೆದ ಕಾಲದಲ್ಲಿ ಅದರ ಎರಡು ಕೇಂದ್ರಗಳು ಬೆಂಗಳೂರು ಮತ್ತು ಹೈದರಾಬಾದು. ನಿಮ್ಮ ಕಲಬುರಗಿ ಜಿಲ್ಲೆಯಾದರೋ ಮೊದಲು ಒಂದರ ಕಡೆಗೆ, ಆಮೇಲೆ ಇನ್ನೊಂದರ ಕಡೆಗೆ ಸೇರಿತು.

ರೈಲು ಹೋಗುವ ದಿಕ್ಕು

'ನಮ್ಮ ತಂಡ' ಎನ್ನುವುದನ್ನು ನಿರ್ಧರಿಸುವುದು ಯಾವುದು? ಮೊದಲು ಭೂಪಟವನ್ನು ನೋಡೋಣ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ತೆರೆಯಿತು. ಚಿತ್ತಾಪುರ, ಸೇಡಂ ಎರಡೂ ಆ ಹಾದಿಯ ನಿಲ್ದಾಣಗಳು. ಅಂದಿನ ಗುಲ್ಬರ್ಗಾ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಕೆಲಸವಾಗಲಿ, ಉನ್ನತ ವಿದ್ಯಾಭ್ಯಾಸವಾಗಲಿ, ಆಸ್ಪತ್ರೆಯಾಗಲಿ, ಜನ ಮುಖ ಮಾಡುತ್ತಿದ್ದುದು ಹೈದರಾಬಾದಿನ ಕಡೆಗೆ. ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಸಾಲದ್ದಕ್ಕೆ ಬೇರೊಂದು ಸಂಸ್ಥಾನದ ಊರು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಸೇನೆ ಭಾರತಕ್ಕೆ ಶರಣಾಯಿತು. ಅದಕ್ಕೆ ಮೊದಲು ರಜಾಕಾರರ ಹಾವಳಿ, ಅದರ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಹಿಂಸೆ. ಈ ಭಾಗದ ಹಳ್ಳಿಗಳು ಎರಡನ್ನೂ ಕಂಡಿದ್ದವು. ಎರಡೇ ವರ್ಷಗಳ ನಂತರ, 1950ರಲ್ಲಿ, ಹೈದರಾಬಾದ್ ಸಿಟಿ ಪೊಲೀಸ್ ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದೇ ಸಾಲಿನ ಡ್ಯೂರಾಂಡ್ ಕಪ್ಪನ್ನೂ ಪಡೆಯಿತು. ರೋವರ್ಸ್ ಕಪ್ 1891ರಿಂದ ನಡೆದುಬಂದ ದೊಡ್ಡ ಪಂದ್ಯಾವಳಿ. ಅದನ್ನು ಈ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಗೆದ್ದಿತು. 'ಹೈದರಾಬಾದು', 'ಪೊಲೀಸು' ಎಂಬ ಮಾತುಗಳಿಗೆ ಕಹಿ ನೆನಪುಗಳು ಅಂಟಿಕೊಂಡಿದ್ದ ದಿನಗಳಲ್ಲಿ, ಅದೇ ಎರಡು ಮಾತುಗಳು ಪತ್ರಿಕೆಯ ಆಟದ ಪುಟದಲ್ಲಿ ಗೆಲುವಿನ ಸುದ್ದಿಯಾಗಿ ಬಂದವು. ಆಟ ಗಾಯವನ್ನು ಮಾಯಿಸುತ್ತದೆ ಎಂದು ಹೇಳುವುದು ಅತಿಯಾದೀತು. ಆದರೆ ಒಂದು ಊರಿನ ಹೆಸರಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿರಬಹುದು ಎಂಬುದನ್ನು ಅದು ತೋರಿಸುತ್ತದೆ.

ಬೆಂಗಳೂರಿನ ಬರಿಗಾಲು

ಈಗ ಬೆಂಗಳೂರಿನ ಕಡೆಗೆ ತಿರುಗೋಣ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ಆ ಕಪ್ ದಕ್ಕಿರಲಿಲ್ಲ. ಮರುವರ್ಷ ಮತ್ತೆ ಗೆದ್ದು, 1948ರಲ್ಲಿ ಮೂರನೆಯ ಸಲ ಎತ್ತಿಕೊಂಡಿತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಪಡೆಯಿತು.

ಈ ಊರು ಕೊಟ್ಟ ದೊಡ್ಡ ಆಟಗಾರರಲ್ಲಿ ಅಹ್ಮದ್ ಖಾನ್ ಒಬ್ಬರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಈ ಐವರು ಮುಂಪಂಕ್ತಿಯಲ್ಲಿ ಆಡುತ್ತಿದ್ದರು. ಅಭಿಮಾನಿಗಳು ಅವರನ್ನು 'ಪಂಚ ಪಾಂಡವರು' ಎಂದೇ ಕರೆದರು. ಅಹ್ಮದ್ ಖಾನರ ಪಾದಕ್ಕೆ ಚೆಂಡು ಅಂಟಿಕೊಂಡಂತಿರುತ್ತಿತ್ತು. ಒಬ್ಬೊಬ್ಬರನ್ನೇ ತಪ್ಪಿಸಿ ಸಾಗುವುದು ಅವರ ಬಗೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಆಟಗಾರರು ಬರಿಗಾಲಿನಲ್ಲೇ ಫ್ರಾನ್ಸನ್ನು ಎದುರಿಸಿದರು. ಎರಡು ಪೆನಾಲ್ಟಿಗಳು ಕೈತಪ್ಪಿ, 1-2ರಲ್ಲಿ ಸೋಲಾಯಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ರಾಮನ್. ಸೋತರೂ ಭಾರತ ಮಾನ ಕಳೆದುಕೊಳ್ಳಲಿಲ್ಲ. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯದ ಎದುರು 1-10ರ ಸೋಲು ಬಂದಿತು. ಆ ಒಂದು ಗೋಲು ಅಹ್ಮದ್ ಖಾನರದು. ಇದಾದ ಮೇಲೆ ಬೂಟು ಕಡ್ಡಾಯವಾಯಿತು.

ಆಗ ಅಭಿಮಾನಿಗಳು ಕೊಟ್ಟ ತೀರ್ಪು ಏನಿರಬಹುದು, ಊಹಿಸಿ. 'ಬರಿಗಾಲಿನ ಆಟ ಮುಗಿಯಿತು, ಡ್ರಿಬ್ಲಿಂಗ್ ಮುಗಿಯಿತು' ಎನ್ನುವುದು ಸುಲಭ. ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಸೇಡಂ, ಚಿತ್ತಾಪುರದ ಎರೆಮಣ್ಣಿನ ಬಯಲನ್ನು ನೀವು ಬಲ್ಲಿರಿ. ಬೇಸಿಗೆಯಲ್ಲಿ ಅದು ಕಲ್ಲಿನಂತೆ. ಚೆಂಡು ಪುಟಿದು ಓಡುತ್ತದೆ. ಒಂದು ಮಳೆ ಬಿದ್ದರೆ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಚೆಂಡು ಮುಂದೆ ಹೋಗದು, ಬರಿಗಾಲು ಜಾರುತ್ತದೆ. ಅದೇ ಆಟಗಾರ, ಅದೇ ಕೌಶಲ. ನೆಲ ಬದಲಾದರೆ ಫಲ ಬದಲಾಯಿತು. ಜೊತೆಗೆ, ಆಗ ನಮ್ಮ ದೇಶದೊಳಗಿನ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಅವಧಿಯವು. ಎದುರಾಳಿಯೂ ಸಾಮಾನ್ಯನಲ್ಲ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದ ತಂಡ. ಸೋಲಿಗೆ ಇಷ್ಟು ಕಾರಣಗಳಿರುವಾಗ ಒಂದನ್ನೇ ಹಿಡಿದು ಶೈಲಿಯನ್ನು ಗಲ್ಲಿಗೇರಿಸುವುದು ಇತಿಹಾಸವಾಗುವುದಿಲ್ಲ.

ರಹೀಂ ಮೇಷ್ಟ್ರ ಪಾಠ

ಹೆಲ್ಸಿಂಕಿಯಲ್ಲಿ ಸೋತ ಆ ತಂಡದ ತರಬೇತುದಾರರು ಸಯ್ಯದ್ ಅಬ್ದುಲ್ ರಹೀಂ. 1909ರಲ್ಲಿ ಹುಟ್ಟಿದವರು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ವೃತ್ತಿಯಿಂದ ಶಾಲಾ ಶಿಕ್ಷಕರು. ಐದು ಸಲ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿದವರೂ ಅವರೇ. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ತಂದುಕೊಟ್ಟಿದ್ದರು. ಒಂದೂವರೆ ವರ್ಷದೊಳಗೆ ಚಿನ್ನವೂ, ಹತ್ತು ಗೋಲುಗಳ ಸೋಲೂ!

ರಹೀಂ ಅವರು ಹೈದರಾಬಾದಿನಲ್ಲಿ ವಿಚಿತ್ರವಾದ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ. ಚೆಂಡು ಬಂದ ಕೂಡಲೇ ಕೊಡಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಆಡಬೇಕು, ಬಲಗಾಲಿನವನು ಎಡಗಾಲಿನಿಂದ. ಇದರ ಹಿಂದಿನ ತರ್ಕ ಸರಳ. ಒಳ್ಳೆಯ ಓಟಗಾರ ಸೆಕೆಂಡಿಗೆ ಸುಮಾರು 8 ಮೀಟರ್ ಓಡಿಯಾನು, ಚೆಂಡನ್ನು ಉರುಳಿಸಿಕೊಂಡು ಓಡುವಾಗ ಅದಕ್ಕಿಂತ ಕಡಿಮೆ. ಗಟ್ಟಿಯಾಗಿ ಕೊಟ್ಟ ಪಾಸ್ ಅದರ ಎರಡರಷ್ಟು ವೇಗದಲ್ಲಿ ಹೋಗಬಲ್ಲದು. ಚೆಂಡಿಗೆ ದಣಿವಿಲ್ಲ, ಮನುಷ್ಯನಿಗೆ ಉಂಟು. ಆದ್ದರಿಂದ ಓಡುವ ಕೆಲಸವನ್ನು ಆದಷ್ಟೂ ಚೆಂಡಿಗೇ ಬಿಡಬೇಕು.

ಹಾಗಾದರೆ ರಹೀಂ ಡ್ರಿಬ್ಲಿಂಗ್‌ನ ವೈರಿಯೇ? ಅಲ್ಲ. ಅವರ ಭಾರತ ತಂಡದಲ್ಲಿ ಚುನಿ ಗೋಸ್ವಾಮಿಯಂಥ, ಚೆಂಡನ್ನು ಕಾಲಲ್ಲಿ ಕುಣಿಸುವ ಆಟಗಾರರಿದ್ದರು. ಒಬ್ಬನು ಇಬ್ಬರನ್ನು ತನ್ನ ಕಡೆಗೆ ಸೆಳೆದರೆ ಬೇರೆಲ್ಲೋ ಒಬ್ಬ ಜೊತೆಗಾರ ಖಾಲಿ ಸಿಗುತ್ತಾನೆ. ಡ್ರಿಬ್ಲಿಂಗ್ ಜಾಗ ಮಾಡಿಕೊಡುತ್ತದೆ, ಪಾಸ್ ಆ ಜಾಗವನ್ನು ಬಳಸಿಕೊಳ್ಳುತ್ತದೆ. ಅಭ್ಯಾಸದಲ್ಲಿ ಡ್ರಿಬ್ಲಿಂಗನ್ನು ನಿಷೇಧಿಸಿದ್ದು, ಯಾವಾಗ ಅದನ್ನು ಮಾಡಬಾರದು ಎಂಬ ವಿವೇಕ ಬರಲೆಂದು.

ಒಂದು ತಿಂಗಳ ಅಂತರ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡಿಗರು ಮೈಸೂರು ರಾಜ್ಯಕ್ಕೆ ಸೇರಿದರು. ತೆಂಗಳಿಯ ರಾಜಧಾನಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೆಂಗಳೂರಾಯಿತು. ಆದರೆ ರೈಲು ಹಳಿಗಳು ಅಲ್ಲೇ ಇದ್ದವು. ಅದೇ 1956-57ರಲ್ಲೂ ಮರುವರ್ಷವೂ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ಹೈದರಾಬಾದ್ ತಂಡ. ಸೇಡಂನಲ್ಲಿ ಕುಳಿತ ಅಭಿಮಾನಿ ಆಗ 'ನಾವು ಗೆದ್ದೆವು' ಎನ್ನಬೇಕೋ, 'ಅವರು ಗೆದ್ದರು' ಎನ್ನಬೇಕೋ?

ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ಭಾರತ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಮುಂದೆ ಯುಗೋಸ್ಲಾವಿಯ ಮತ್ತು ಬಲ್ಗೇರಿಯಗಳ ಎದುರು ಸೋತರೂ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ನಮ್ಮ ಅತ್ಯುತ್ತಮ ಸಾಧನೆ ಇಂದಿಗೂ ಅದೇ. ಆ ತಂಡದಲ್ಲಿ ಹೈದರಾಬಾದಿನ ತುಳಸಿದಾಸ್ ಬಲರಾಂ ಇದ್ದರು, ಮೈಸೂರಿನ ಕೆಂಪಯ್ಯನವರೂ ಇದ್ದರು. ನಾಲ್ಕು ವರ್ಷಗಳ ಹಿಂದೆ 'ಇನ್ನು ಮುಗಿಯಿತು' ಎಂದು ಷರಾ ಬರೆಸಿಕೊಂಡಿದ್ದ ಆಟ, ಎರಡು ಊರುಗಳ ಪಾಠವನ್ನೂ ಕಲಿತು ಮೇಲೆದ್ದಿತ್ತು.

ಭವಿಷ್ಯ ನುಡಿಯುವ ಕಷ್ಟ

ಇನ್ನು ಮೊದಲನೆಯ ವಾದ: 'ಈ ಸಲ ನಾವು ಗೆಲ್ಲುತ್ತೇವೆಯೇ?' 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳು ನಡೆದವು. ಗುಂಪಿನ ಹಂತದಲ್ಲಿ ಭಾರತ ದಕ್ಷಿಣ ಕೊರಿಯದ ಎದುರು 0-2ರಿಂದ ಸೋತಿತು. ಆ ದಿನ ಪಂತ ಕಟ್ಟುವವರಿದ್ದರೆ ಭಾರತದ ಮೇಲೆ ಎಷ್ಟು ಜನ ಹಣ ಹಾಕುತ್ತಿದ್ದರು? ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ ಎದುರಾಯಿತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ರಹೀಂ ಮುಂಪಂಕ್ತಿಗೆ ಕಳಿಸಿದ್ದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತ 2-1ರಿಂದ ಗೆದ್ದು ಚಿನ್ನ ಪಡೆಯಿತು. ಆ ವೇಳೆಗೆ ರಹೀಂ ಕ್ಯಾನ್ಸರಿನಿಂದ ಬಳಲುತ್ತಿದ್ದರು. 1963ರ ಜೂನ್‌ನಲ್ಲಿ ತೀರಿಕೊಂಡರು. ಅವರ ನಂತರ ಏಷ್ಯನ್ ಕ್ರೀಡೆಗಳ ಕಾಲ್ಚೆಂಡಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ.

ಕಾಲ್ಚೆಂಡಿನಲ್ಲಿ ಗೋಲುಗಳು ಕಡಿಮೆ. ಆದ್ದರಿಂದ ಒಂದು ಜಾರುವಿಕೆ, ಒಂದು ಗಾಯ, ಒಂದು ಪೆನಾಲ್ಟಿ ಇಡೀ ಪಂದ್ಯವನ್ನು ತಿರುಗಿಸಬಲ್ಲದು. ಹತ್ತು ಸಲ ನಾಣ್ಯ ಚಿಮ್ಮಿ 'ಈ ನಾಣ್ಯದ ಗುಣವೇ ಇಷ್ಟು' ಎಂದು ತೀರ್ಮಾನಿಸಲಾಗದು. ಒಂದು ಪಂದ್ಯ ನೋಡಿ ತಂಡದ ಹಣೆಬರಹ ಹೇಳುವುದೂ ಹಾಗೆಯೇ. ಮೈಸೂರು ತಂಡ 1967-68 ಮತ್ತು 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದಾಗ, ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಗುತ್ತದೆ ಎಂದು ಯಾರು ನುಡಿದಿದ್ದರು? 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ, ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಕಾಯುವಿಕೆಯನ್ನು ಮುಗಿಸಿತು. ಇತ್ತ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು. ಕಾದವರೂ ಇದ್ದಾರೆ, ಕಾಯದೆ ಪಡೆದವರೂ ಇದ್ದಾರೆ.

ನೀವು ಮಾಡಬಹುದಾದದ್ದು

ಹಾಗೆಂದು ವಾದ ಮಾಡಬೇಡಿರೆಂದು ನಾನು ಹೇಳುವುದಿಲ್ಲ. ವಾದವಿಲ್ಲದ ಆಟ ಉಪ್ಪಿಲ್ಲದ ಊಟ. ಆದರೆ ಮುಂದಿನ ಸಲ ಇಬ್ಬರು ಆಟಗಾರರನ್ನು ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅವರು ಆಡಿದ ನೆಲ ಎಂಥದು? ಅಂದಿನ ನಿಯಮ ಏನಿತ್ತು? ಅವರ ಸುತ್ತ ಇದ್ದ ಜೊತೆಗಾರರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೂ ವಾದ ಉಳಿದಿದ್ದರೆ, ಅದು ಮಾಡಲು ಯೋಗ್ಯವಾದ ವಾದ.

ಇನ್ನೊಂದು ಕೆಲಸವಿದೆ, ಅದಕ್ಕೆ ಹೆಚ್ಚು ಕಾಲಾವಕಾಶವಿಲ್ಲ. 1956ಕ್ಕೆ ಮೊದಲಿನ ದಿನಗಳನ್ನು ಕಂಡವರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಶಹಾಬಾದಿನಲ್ಲೋ, ವಾಡಿಯಲ್ಲೋ, ಚಿಂಚೋಳಿಯಲ್ಲೋ ನಿಮ್ಮ ಮನೆಯ ಮುತ್ಯಾನೋ ನೆರೆಯ ಹಿರಿಯರೋ ಇದ್ದರೆ ಹತ್ತಿರ ಕುಳಿತು ಕೇಳಿ: ಆಗ ಊರಲ್ಲಿ ಯಾವ ಆಟ ಆಡುತ್ತಿದ್ದಿರಿ? ಆಟದ ಸುದ್ದಿ ಯಾವ ಭಾಷೆಯ ಪತ್ರಿಕೆಯಲ್ಲಿ ಬರುತ್ತಿತ್ತು? ಯಾವ ತಂಡ ಗೆದ್ದರೆ ಖುಷಿಯಾಗುತ್ತಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಉರ್ದು ಬೆರೆತಿದ್ದರೆ ಉರ್ದು ಸಮೇತ, ಬರೆದುಕೊಳ್ಳಿ, ದಿನಾಂಕವನ್ನೂ ಹಾಕಿ. ಗೆದ್ದ ವರ್ಷಗಳ ಪಟ್ಟಿ ಪುಸ್ತಕಗಳಲ್ಲಿ ಸಿಗುತ್ತದೆ. ಗಡಿ ಬದಲಾದ ಚಳಿಗಾಲದಲ್ಲಿ ನಿಮ್ಮ ಊರು ಯಾರಿಗಾಗಿ ಚಪ್ಪಾಳೆ ತಟ್ಟಿತು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ.