ವಿದೇಶಕ್ಕೆ ಹೊರಟಿದ್ದೀರಾ? ಫೋನ್ ಅನ್‌ಲಾಕ್ ಆಗಿದ್ದರೆ ಸಾಲದು, ಊರಿನ ನಂಬರೂ ಉಳಿಯಬೇಕು: ಇಲ್ಲಿದೆ ಪೂರ್ಣ ಮಾಹಿತಿ

ಪುಣೆ: ಸದಾಶಿವ ಪೇಠದಂಥ ಪುಣೆಯ ಹಳೆಯ ಪೇಟೆಗಳಲ್ಲಿ ಮಗನೋ ಮಗಳೋ ವಿದೇಶದಲ್ಲಿರುವ ಮನೆಗಳು ಅಪರೂಪವಲ್ಲ. ವಿಜಯಪುರ, ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲು, ಮಕ್ಕಳ ಪದವಿ ಪ್ರದಾನಕ್ಕೆ ಎಂದು ಹಿರಿಯರು ತಿಂಗಳುಗಟ್ಟಲೆ ಹೊರಗೆ ಹೋಗಿ ಇರುತ್ತಾರೆ. ಪಾಸ್‌ಪೋರ್ಟ್, ವೀಸಾ, ಮಾತ್ರೆಗಳ ಚೀಟಿ ಎಲ್ಲವನ್ನೂ ಎರಡೆರಡು ಸಲ ನೋಡಿಕೊಳ್ಳುವವರು ಮೊಬೈಲ್ ವಿಚಾರವನ್ನು ಮಾತ್ರ 'ಅಲ್ಲಿಗೆ ಹೋಗಿ ಒಂದು ಸಿಮ್ ಹಾಕಿಸಿದರಾಯಿತು' ಎಂದು ಬಿಟ್ಟುಬಿಡುತ್ತಾರೆ.

ತೊಂದರೆ ಶುರುವಾಗುವುದು ಇಲ್ಲೇ. ಫೋನ್ ಅನ್‌ಲಾಕ್ ಆಗಿದ್ದರೆ ಅಲ್ಲಿನ ಸಿಮ್ ಹಾಕಬಹುದು, ಅಷ್ಟೆ. ಆ ಸಿಮ್‌ಗೆ ಸಿಗ್ನಲ್ ಸಿಗುತ್ತದೆಯೇ, ಕರೆ ಹೋಗುತ್ತದೆಯೇ, ಪಿಂಚಣಿ ಬರುವ ಖಾತೆಯ ಒಟಿಪಿ ಊರಿನ ನಂಬರ್‌ಗೆ ತಲುಪುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆಗಳು. ಅವಕ್ಕೆ ಉತ್ತರವನ್ನು ಹೊರಡುವ ಮುನ್ನವೇ ಕಂಡುಕೊಳ್ಳಬೇಕು.

ಅನ್‌ಲಾಕ್ ಫೋನ್ ಎಂದರೇನು?

ಒಂದೇ ಟೆಲಿಕಾಂ ಕಂಪನಿಯ ಸಿಮ್ ಮಾತ್ರ ಕೆಲಸ ಮಾಡುವಂತೆ ಬೀಗ ಹಾಕಿದ ಫೋನ್ 'ಲಾಕ್' ಆದ ಫೋನ್. ಯಾವ ಕಂಪನಿಯ ಸಿಮ್ ಹಾಕಿದರೂ ಕೆಲಸ ಮಾಡುವುದು 'ಅನ್‌ಲಾಕ್' ಫೋನ್. ತೆರೆಗೆ ಹಾಕುವ ಪಿನ್ ಅಥವಾ ಬೆರಳಚ್ಚಿನ ಲಾಕ್‌ಗೂ ಇದಕ್ಕೂ ಸಂಬಂಧವಿಲ್ಲ.

ಭಾರತದ ಅಂಗಡಿಗಳಲ್ಲಿ ಸಿಗುವ ಬಹುತೇಕ ಸ್ಮಾರ್ಟ್‌ಫೋನ್‌ಗಳು ಅನ್‌ಲಾಕ್ ಆಗಿಯೇ ಇರುತ್ತವೆ. ಆದರೆ ಇಲ್ಲೂ ಲಾಕ್ ಇರಲೇ ಇಲ್ಲವೆಂದಲ್ಲ. ರಿಲಯನ್ಸ್, ಟಾಟಾ ಇಂಡಿಕಾಂ ಕಾಲದ ಸಿಡಿಎಂಎ ಹ್ಯಾಂಡ್‌ಸೆಟ್‌ಗಳು ಆಯಾ ಕಂಪನಿಗೇ ಕಟ್ಟುಬಿದ್ದಿದ್ದವು. 2008ರಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಬಂದ ಐಫೋನ್ 3ಜಿ, 2017ರಲ್ಲಿ ಬಂದ ಜಿಯೋಫೋನ್ ಕೂಡ ಲಾಕ್ ಆಗಿದ್ದವೇ. ಕಂಪನಿಯ ಕೊಡುಗೆಯಲ್ಲಿ ಕಡಿಮೆ ಬೆಲೆಗೆ ಕೊಂಡ ಫೋನ್ ಆಗಿದ್ದರೆ ಈಗಲೂ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಪರೀಕ್ಷಿಸುವುದು ಹೇಗೆ?

- ಸುಲಭದ ದಾರಿ: ನಿಮ್ಮದು ಜಿಯೋ ಆಗಿದ್ದರೆ ಮನೆಯಲ್ಲೇ ಬೇರೆಯವರ ಏರ್‌ಟೆಲ್ ಅಥವಾ ವಿ ಸಿಮ್ ಹಾಕಿ ನೋಡಿ. ಕರೆ ಹೋದರೆ ಲಾಕ್ ಇಲ್ಲ.
- ಐಫೋನ್‌ನಲ್ಲಿ: ಸೆಟ್ಟಿಂಗ್ಸ್, ನಂತರ ಜನರಲ್, ನಂತರ ಅಬೌಟ್‌ಗೆ ಹೋಗಿ. 'ಕ್ಯಾರಿಯರ್ ಲಾಕ್' ಎಂಬಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದ್ದರೆ ಚಿಂತೆಯಿಲ್ಲ.
- ಐಎಂಇಐ ಸಂಖ್ಯೆ: ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. 15 ಅಂಕಿಗಳ ಐಎಂಇಐ ಕಾಣುತ್ತದೆ. ಇ-ಸಿಮ್ ಸೌಲಭ್ಯವಿರುವ ಫೋನ್‌ನಲ್ಲಿ 32 ಅಂಕಿಗಳ ಇಐಡಿ ಕೂಡ ಕಾಣಬೇಕು. ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮಕ್ಕಳು ಕಳಿಸಿದ ಅಮೆರಿಕದ ಫೋನ್

ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನ್ ಸಾಮಾನ್ಯವಾಗಿ ಆ ಕಂಪನಿಗೆ ಲಾಕ್ ಆಗಿರುತ್ತದೆ. ಕಂತು ಪೂರ್ತಿ ತೀರಿ, ಕಂಪನಿ ಹೇಳಿದಷ್ಟು ದಿನ ಅದೇ ನೆಟ್‌ವರ್ಕ್‌ನಲ್ಲಿ ಬಳಸಿದ ಮೇಲೆ ಕೇಳಿದರೆ ಬೀಗ ತೆಗೆಯುತ್ತಾರೆ. ಬೀಗ ತೆಗೆಸಿಕೊಳ್ಳುವ ಹಕ್ಕಿಗೆ 2014ರಲ್ಲಿ ಅಲ್ಲಿ ಕಾನೂನೇ ಬಂದಿದೆ. ಹಾಗಾಗಿ ಹಳೆಯ ಫೋನನ್ನು ಅಪ್ಪ ಅಮ್ಮನಿಗೆ ಕಳಿಸುವ ಮಕ್ಕಳು ಅಲ್ಲಿಂದಲೇ ಅನ್‌ಲಾಕ್ ಮಾಡಿಸಿ ಕಳಿಸಬೇಕು. ಕಂತು ಬಾಕಿ ಉಳಿಸಿ ಕಳಿಸಿದ ಫೋನನ್ನು ಕಂಪನಿ ಕಪ್ಪುಪಟ್ಟಿಗೆ ಸೇರಿಸಬಹುದು. ಅಂಗಡಿಯಲ್ಲಿ ದುಡ್ಡು ಕೊಟ್ಟು 'ಬೀಗ ಒಡೆಸುವ' ಕೆಲಸಕ್ಕೆ ಕೈಹಾಕಬೇಡಿ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನ್‌ಗಳನ್ನು ಅನ್‌ಲಾಕ್ ಮಾಡಿಯೇ ಮಾರಬೇಕು. ಬ್ರಿಟನ್ ಮತ್ತು ಜಪಾನ್‌ಗಳಲ್ಲಿ 2021ರಲ್ಲಿ ಇಂಥದೇ ನಿಯಮ ಜಾರಿಗೆ ಬಂತು.

ಎರಡನೆಯ ತೊಡಕು ಸಿಮ್ ಟ್ರೇ. 2022ರಲ್ಲಿ ಬಂದ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಐಫೋನ್ 17 ಬಂದ ಮೇಲೆ ಕೆನಡಾ, ಜಪಾನ್, ಯುಎಇ, ಸೌದಿ ಅರೇಬಿಯಾ, ಕತಾರ್, ಒಮಾನ್, ಕುವೈತ್, ಬಹ್ರೇನ್‌ಗಳ ಮಾದರಿಗಳೂ ಇ-ಸಿಮ್‌ಗೆ ಸೀಮಿತವಾಗಿವೆ. ಇಂಥ ಫೋನ್ ಕೈಗೆ ಬಂದರೆ ನಿಮ್ಮ ಭಾರತೀಯ ಸಿಮ್ಮನ್ನು ಇ-ಸಿಮ್ ಆಗಿ ಬದಲಿಸಿಕೊಳ್ಳಬೇಕು. ಜಿಯೋ, ಏರ್‌ಟೆಲ್, ವಿ ಮೂರರಲ್ಲೂ ಈ ಸೌಲಭ್ಯವಿದೆ.

ಈ ಬದಲಾವಣೆಯನ್ನು ಹೊರಡುವ ಹಿಂದಿನ ದಿನ ಮಾಡಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯಬೇಕೆಂದು ದೂರಸಂಪರ್ಕ ಇಲಾಖೆಯ ಆದೇಶವಿದೆ. ವಂಚನೆ ತಡೆಯಲು ತಂದ ಕ್ರಮ ಇದು. ಆ ಅವಧಿಯಲ್ಲಿ ಒಟಿಪಿ ಬರುವುದಿಲ್ಲ. ಕನಿಷ್ಠ ಒಂದು ವಾರ ಮೊದಲೇ ಮುಗಿಸಿಕೊಳ್ಳಿ. 'ಇ-ಸಿಮ್ ಮಾಡಿಕೊಡುತ್ತೇವೆ' ಎಂದು ಯಾರಾದರೂ ಕರೆ ಮಾಡಿದರೆ ನಂಬಬೇಡಿ. ಕ್ಯುಆರ್ ಕೋಡನ್ನೂ ಒಟಿಪಿಯನ್ನೂ ಯಾರಿಗೂ ಕಳಿಸಬೇಡಿ.

ಸಿಮ್ ಕೂತರೂ ಸಿಗ್ನಲ್ ಏಕೆ ಬರದು?

ಪ್ರತಿ ದೇಶದ ನೆಟ್‌ವರ್ಕ್ ನಿರ್ದಿಷ್ಟ ತರಂಗಾಂತರಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ಭಾರತದಲ್ಲಿ 4ಜಿಗೆ ಮುಖ್ಯವಾಗಿ 3, 5, 8, 40, 41ನೇ ಬ್ಯಾಂಡ್‌ಗಳು ಬಳಕೆಯಲ್ಲಿವೆ. ಯುರೋಪಿನಲ್ಲಿ 3, 7, 20 ಹೆಚ್ಚು. ಅಮೆರಿಕದಲ್ಲಿ 2, 4, 12, 13, 66, 71. ಭಾರತಕ್ಕೆಂದೇ ತಯಾರಾದ ಅಗ್ಗದ ಫೋನ್‌ಗಳಲ್ಲಿ ಅಮೆರಿಕದ 12, 13, 71 ಇಲ್ಲದಿರುವುದುಂಟು. ಕಟ್ಟಡದೊಳಗೂ ದೂರದ ಊರುಗಳಲ್ಲೂ ಸಿಗ್ನಲ್ ತಲುಪಿಸುವುದು ಈ ಕೆಳ ತರಂಗಾಂತರಗಳೇ. ಅವಿಲ್ಲದ ಫೋನ್ ನಗರದ ರಸ್ತೆಯಲ್ಲಿ ಚೆನ್ನಾಗಿ ಕೆಲಸ ಮಾಡಿ, ಮನೆಯೊಳಗೆ ಹೋದ ಕೂಡಲೇ ಸುಮ್ಮನಾಗಬಹುದು.

ಇನ್ನೊಂದು ಸಂಗತಿ ವೋಲ್ಟಿ, ಅಂದರೆ 4ಜಿ ಮೂಲಕವೇ ಕರೆ ಮಾಡುವ ವ್ಯವಸ್ಥೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಅಲ್ಲಿ ಫೋನ್ 4ಜಿಯಲ್ಲೇ ಕರೆ ಮಾಡಬೇಕು. ಎಟಿ ಅಂಡ್ ಟಿ ತಾನು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಪಟ್ಟಿಯಲ್ಲಿಲ್ಲದ ಫೋನ್ ಅನ್‌ಲಾಕ್ ಆಗಿದ್ದರೂ ಅಲ್ಲಿ ಪ್ರಯೋಜನಕ್ಕೆ ಬಾರದು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ 3ಜಿ ನಿಂತಿತು. ತುರ್ತು ಸಂಖ್ಯೆ 000ಕ್ಕೆ 4ಜಿಯಲ್ಲಿ ಕರೆ ಮಾಡಲಾಗದ ಫೋನ್‌ಗಳಿಗೆ ಅಲ್ಲಿನ ಕಂಪನಿಗಳು ಸೇವೆ ಕೊಡುವಂತಿಲ್ಲ.

ಇದನ್ನೆಲ್ಲ ನೀವೇ ಲೆಕ್ಕ ಹಾಕಬೇಕಿಲ್ಲ. ಐಎಂಇಐ ಸಂಖ್ಯೆಯನ್ನು ಮಗನಿಗೋ ಮಗಳಿಗೋ ಕಳಿಸಿ. ಅಲ್ಲಿನ ದೊಡ್ಡ ಕಂಪನಿಗಳ ವೆಬ್‌ಸೈಟ್‌ನಲ್ಲಿ ಆ ಸಂಖ್ಯೆ ಹಾಕಿದರೆ ಫೋನ್ ಹೊಂದುತ್ತದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ.

ಯಾವ ಸಿಮ್ ಒಳ್ಳೆಯದು?

ನಿಮ್ಮ ಮುಂದೆ ಮೂರು ದಾರಿಗಳಿವೆ.

1. ಭಾರತೀಯ ಕಂಪನಿಯ ರೋಮಿಂಗ್ ಪ್ಯಾಕ್: ನಾಲ್ಕೈದು ದಿನದ ಪ್ರವಾಸಕ್ಕೆ, ವಿಮಾನ ಬದಲಿಸುವ ನಿಲ್ದಾಣಕ್ಕೆ ಅನುಕೂಲ. ಸಿಮ್ ಬದಲಿಸುವ ತಲೆಬಿಸಿ ಇಲ್ಲ. ತಿಂಗಳುಗಟ್ಟಲೆಗೆ ದುಬಾರಿ.

2. ಸ್ಥಳೀಯ ಸಿಮ್: ಒಂದು ತಿಂಗಳು, ಅದಕ್ಕಿಂತ ಹೆಚ್ಚು ಇರುವವರಿಗೆ ಇದೇ ಸರಿ. ಸ್ಥಳೀಯ ನಂಬರ್ ಸಿಗುವುದರಿಂದ ಆಸ್ಪತ್ರೆ, ಟ್ಯಾಕ್ಸಿ, ನೆರೆಹೊರೆಯವರಿಗೆ ಕೊಡಲು ಬರುತ್ತದೆ. ಮಕ್ಕಳ ಫ್ಯಾಮಿಲಿ ಪ್ಲಾನ್‌ಗೆ ಸೇರಿಸಲು ಸಾಧ್ಯವೇ ಎಂದು ಮೊದಲು ಕೇಳಿ. ಕೊಳ್ಳಲು ಪಾಸ್‌ಪೋರ್ಟ್ ಕೇಳುವ ದೇಶಗಳು ಬಹಳ.

3. ಪ್ರಯಾಣಿಕರ ಇ-ಸಿಮ್: ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಆದರೆ ಇವುಗಳಲ್ಲಿ ಹೆಚ್ಚಿನವು ಡೇಟಾಗೆ ಮಾತ್ರ. ಮಾತನಾಡಲು ನಂಬರ್ ಸಿಗುವುದಿಲ್ಲ. ಜಪಾನ್‌ನಲ್ಲಿ ಪ್ರವಾಸಿಗರಿಗೆ ಮಾರುವ ಸಿಮ್‌ಗಳಲ್ಲೂ ಬಹಳಷ್ಟು ಹೀಗೆಯೇ. ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲದೆ ಮಾರುತ್ತಿದ್ದವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೊ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿ ನಿರ್ಬಂಧಿಸಲಾಗಿತ್ತು. ಇ-ಸಿಮ್ ಕೊಳ್ಳುವಾಗ ಮಾರುವವರಿಗೆ ಅನುಮತಿ ಇದೆಯೇ ನೋಡಿಕೊಳ್ಳಿ.

ಊರಿನ ನಂಬರ್ ಸತ್ತರೆ ಖಾತೆಯ ಗತಿಯೇನು?

ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ. ಟ್ರಾಯ್ ನಿಯಮದ ಪ್ರಕಾರ ಪ್ರೀಪೇಯ್ಡ್ ನಂಬರ್ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ಸ್ಥಗಿತಗೊಳಿಸಬಹುದು. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿತಗೊಳಿಸಿ ಇನ್ನಷ್ಟು ಕಾಲ ಉಳಿಸಿಕೊಳ್ಳುವ ಸೌಲಭ್ಯವಿದೆ. ಹಾಗೆ ಉಳಿಯದ ನಂಬರ್ ಸ್ಥಗಿತಗೊಂಡು 90 ದಿನ ಕಳೆದ ಬಳಿಕ ಬೇರೆಯವರಿಗೆ ಹಂಚಿಕೆಯಾಗಬಹುದು. ಆಗ ನಿಮ್ಮ ಖಾತೆಯ ಸಂದೇಶಗಳು ಅಪರಿಚಿತರ ಫೋನ್‌ಗೆ ಹೋಗುತ್ತವೆ.

ಹೀಗಾಗಿ ಹೊರಡುವ ಮುನ್ನ ವಾಪಸಾಗುವ ದಿನ ದಾಟುವಷ್ಟು ವ್ಯಾಲಿಡಿಟಿಯ ರೀಚಾರ್ಜ್ ಮಾಡಿಸಿ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಇರುವ ಪ್ಲಾನ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ. ಅವುಗಳ ಅವಧಿ 365 ದಿನಗಳವರೆಗೆ ಇರಬಹುದು. ಹಿರಿಯರಿಗೆ ಹೇಳಿ ಮಾಡಿಸಿದಂಥ ಪ್ಲಾನ್ ಇದು.

ರೀಚಾರ್ಜ್ ಒಂದೇ ಸಾಲದು. ಪ್ರೀಪೇಯ್ಡ್ ಸಿಮ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಸಕ್ರಿಯವಾಗಿದ್ದರೆ ಮಾತ್ರ ಅಲ್ಲಿ ಎಸ್‌ಎಂಎಸ್ ತಲುಪುತ್ತದೆ. ಅದನ್ನು ಇಲ್ಲಿಂದಲೇ ಸಕ್ರಿಯಗೊಳಿಸಿ. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಒಳಬರುವ ಕರೆಗೆ ಶುಲ್ಕವಿದೆ. ಹೋಗುವ ದೇಶಕ್ಕೆ ನಿಮ್ಮ ಕಂಪನಿಯ ದರ ಎಷ್ಟೆಂದು ಕೇಳಿಕೊಳ್ಳಿ.

ಎರಡು ಊರು, ಮೂರು ನಂಬರ್

ಪುಣೆಯ ಕನ್ನಡಿಗರಿಗೆ ಇನ್ನೊಂದು ಪೇಚಿದೆ. ಪುಣೆಯ ಬ್ಯಾಂಕಿಗೆ ಒಂದು ನಂಬರ್, ವಿಜಯಪುರದಲ್ಲೋ ಧಾರವಾಡದಲ್ಲೋ ಇರುವ ಹಳೆಯ ಖಾತೆಗೆ ಇನ್ನೊಂದು ನಂಬರ್ ಕೊಟ್ಟಿರುವವರಿದ್ದಾರೆ. ಮೇಲೆ ಅಲ್ಲಿನ ಸಿಮ್ ಸೇರಿದರೆ ಮೂರಾಯಿತು. ಫೋನ್‌ನಲ್ಲಿ ಎಷ್ಟೇ ಇ-ಸಿಮ್ ತುಂಬಿಸಿಟ್ಟರೂ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಚಾಲ್ತಿಯಲ್ಲಿರುತ್ತವೆ. ಶಾಖೆಗೆ ಹೋಗಿ ಎಲ್ಲ ಖಾತೆಗಳಿಗೂ ಒಂದೇ ನಂಬರ್ ಮಾಡಿಸುವುದು ಉತ್ತಮ. ಸಮಯವಿಲ್ಲದಿದ್ದರೆ ಮೂರನೆಯ ಸಿಮ್ಮನ್ನು ಹಳೆಯ ಫೋನ್ ಒಂದರಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಅದೂ ಅಲ್ಲಿನ ನೆಟ್‌ವರ್ಕ್‌ಗೆ ಹೊಂದುವ ಫೋನ್ ಆಗಿರಲಿ.

ವಿದೇಶದಲ್ಲೇ ನೆಲೆಸಿದ ಮಕ್ಕಳಿಗೆ ಬೇರೆ ದಾರಿಯೂ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾ, ಯುಎಇ ಸೇರಿ 10 ದೇಶಗಳ ಮೊಬೈಲ್ ನಂಬರ್‌ಗಳನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಯುಪಿಐಗೆ ಜೋಡಿಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ಅವಕಾಶ ಕೊಟ್ಟಿದೆ. ಪ್ರವಾಸಕ್ಕೆ ಹೋದ ಅಪ್ಪ ಅಮ್ಮನ ಸಾಮಾನ್ಯ ಉಳಿತಾಯ ಖಾತೆಗೆ ಇದು ಅನ್ವಯಿಸುವುದಿಲ್ಲ.

ಇಳಿದ ಮೇಲೆ ಸೆಟ್ಟಿಂಗ್ಸ್ ಹೀಗಿರಲಿ

- ಭಾರತೀಯ ಸಿಮ್ ಆನ್ ಇರಲಿ. ಅದರ ಡೇಟಾ ರೋಮಿಂಗ್ ಆಫ್ ಮಾಡಿ.
- ಮೊಬೈಲ್ ಡೇಟಾಗೆ ಸ್ಥಳೀಯ ಸಿಮ್ ಆಯ್ಕೆ ಮಾಡಿ.
- ಒಂದು ಸಿಮ್‌ನಲ್ಲಿ ಸಿಗ್ನಲ್ ಹೋದಾಗ ತಾನಾಗಿಯೇ ಇನ್ನೊಂದರ ಡೇಟಾಗೆ ಹೋಗುವ 'ಡೇಟಾ ಸ್ವಿಚಿಂಗ್' ಆಯ್ಕೆಯನ್ನು ಆಫ್ ಮಾಡಿ. ಗೊತ್ತಿಲ್ಲದೆ ಬಿಲ್ ಏರುವುದು ಇಲ್ಲಿಂದಲೂ ಹೌದು.
- ವಾಟ್ಸ್‌ಆ್ಯಪ್ 'ಹೊಸ ನಂಬರ್‌ಗೆ ಬದಲಿಸಬೇಕೇ' ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ನಂಬರ್‌ನಲ್ಲೇ ಮುಂದುವರಿಯಬಹುದು.
- ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ಅಳಿಸಬೇಡಿ. ಮತ್ತೆ ನೋಂದಾಯಿಸಲು ಭಾರತೀಯ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕಾಗುತ್ತದೆ. ರೋಮಿಂಗ್‌ನಲ್ಲಿ ಅದಕ್ಕೆ ಶುಲ್ಕವಿದೆ.

ಕೆಲವು ದೇಶಗಳ ವಿಶೇಷ ನಿಯಮ

ಟರ್ಕಿ: ಹೊರಗಿನಿಂದ ತಂದ ಫೋನ್‌ನಲ್ಲಿ ಅಲ್ಲಿನ ಸಿಮ್ ಹಾಕಿದರೆ 120 ದಿನಗಳವರೆಗೆ ಮಾತ್ರ ಬಳಸಬಹುದು. ನಂತರ ಶುಲ್ಕ ಕಟ್ಟಿ ನೋಂದಾಯಿಸದ ಫೋನ್ ಸ್ಥಗಿತಗೊಳ್ಳುತ್ತದೆ.

ಯುಎಇ: ಸ್ಥಳೀಯ ನೆಟ್‌ವರ್ಕ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳು ಬಳಕೆಯಲ್ಲಿವೆ.

ಯುರೋಪ್: ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ಸದಸ್ಯ ದೇಶದ ಸಿಮ್ಮನ್ನು ಇನ್ನೊಂದರಲ್ಲಿ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ಬಳಸಬಹುದು. ಜರ್ಮನಿಯ ಸಿಮ್ ಫ್ರಾನ್ಸ್, ಇಟಲಿಯಲ್ಲೂ ನಡೆಯುತ್ತದೆ. ಬ್ರಿಟನ್, ಸ್ವಿಟ್ಜರ್ಲೆಂಡ್ ಈ ವ್ಯವಸ್ಥೆಯಲ್ಲಿಲ್ಲ.

ಹೊರಡುವ ಮುನ್ನ ಒಮ್ಮೆ ನೋಡಿ

- ಎರಡು ವಾರ ಮೊದಲು: ಬೇರೆ ಸಿಮ್ ಹಾಕಿ ಲಾಕ್ ಪರೀಕ್ಷೆ, ಐಎಂಇಐ ಮೂಲಕ ನೆಟ್‌ವರ್ಕ್ ಪರೀಕ್ಷೆ, ಬ್ಯಾಂಕ್ ಖಾತೆಗಳಿಗೆ ಒಂದೇ ನಂಬರ್.
- ಒಂದು ವಾರ ಮೊದಲು: ಬೇಕಿದ್ದರೆ ಇ-ಸಿಮ್ ಬದಲಾವಣೆ, ಅದಾದ ಮೇಲೆ ಒಟಿಪಿ ಬರುತ್ತಿದೆಯೇ ಎಂಬ ಖಾತ್ರಿ.
- ಎರಡು ದಿನ ಮೊದಲು: ವಾಪಸಾಗುವವರೆಗಿನ ರೀಚಾರ್ಜ್, ರೋಮಿಂಗ್ ಸಕ್ರಿಯ, ಸಿಮ್ ತೆಗೆಯುವ ಪಿನ್ ಕೈಚೀಲದಲ್ಲಿ.
- ಇಳಿದ ದಿನ: ಒಂದು ಸಣ್ಣ ಬ್ಯಾಂಕ್ ವ್ಯವಹಾರ ಮಾಡಿ ಒಟಿಪಿ ಬರುತ್ತದೆಯೇ ನೋಡಿ. ಬರದಿದ್ದರೆ ತುರ್ತು ಬರುವ ಮೊದಲೇ ಕಂಪನಿಯ ಗ್ರಾಹಕ ಸೇವೆಯನ್ನು ಸಂಪರ್ಕಿಸಲು ಸಮಯ ಸಿಗುತ್ತದೆ.